ಹ್ಯಾಟೆ ಕೂಗಿದರೆ ಕೊಯ್ಯಲೇಬೇಕೇ?

ಹ್ಯಾಟೆ ಕೋಳಿ ಹುಂಜದ ಹಾಗೆ ಕೂಗಿದರೆ ಮನೆಗೆ ಕೇಡು, ಕೂಗಿದ ದಿನವೇ ಕೊಯ್ದುಬಿಡಬೇಕು ಅಂತ ನಮ್ಮ ದೇವರಾಯನದುರ್ಗದ ಸುತ್ತಮುತ್ತ ಹೇಳುವವರು ಈಗಲೂ ಇದ್ದಾರೆ. ಹೀಗೆ ಮೊಟ್ಟೆ ಇಡುವ ಎಷ್ಟು ಕೋಳಿಗಳು ಸಾರಿಗೆ ಹೋದವೋ ಲೆಕ್ಕವಿಟ್ಟವರಿಲ್ಲ. ಈಗ ಪೇಟೆಯ ಹಿತ್ತಿಲಲ್ಲೂ ನಾಟಿಕೋಳಿ ಸಾಕುತ್ತಾರೆ. ಅಲ್ಲಿ ಅಪಶಕುನದ ಜೊತೆಗೆ ನಿದ್ದೆಗೇಡಿನ ದೂರೂ ಸೇರಿಕೊಂಡಿದೆ. ಇವೆರಡನ್ನೂ ಬೇರೆ ಮಾಡಿ ನೋಡಬೇಕು ಎಂಬುದು ನನ್ನ ಅಭಿಪ್ರಾಯ. ಶಕುನದ ಮಾತಿಗೆ ಕಿವಿಗೊಡುವುದು ಬೇಡ. ದೂರಿಗೆ ಮಾತ್ರ ಕಿವಿಗೊಡಲೇಬೇಕು.

ತುಮಕೂರಿನಲ್ಲಿರುವ ಮಗನ ಮನೆಗೆ ನಾಲ್ಕು ಹ್ಯಾಟೆ ಕೊಟ್ಟು ಕಳಿಸಿದ್ದೆ. ಪೇಟೆಯಲ್ಲಿ ಗಲಾಟೆ ಬೇಡವೆಂದು ಹುಂಜ ಕೊಡಲಿಲ್ಲ. ಕೆಲವು ತಿಂಗಳ ನಂತರ ಸೊಸೆ ಫೋನು ಮಾಡಿದಳು. ‘ಅತ್ತೆ, ಆ ಕರೀ ಹ್ಯಾಟೆ ಬೆಳಗಿನ ಜಾವ ಕೂಗ್ತೈತೆ. ಪಕ್ಕದ ಮನೆಯವ್ರು ನಿದ್ದೆ ಇಲ್ಲ ಅಂತಾರೆ. ಹಿಂದಿನ ಮನೆ ಅಜ್ಜಿ ಕೊಯ್ದ್‌ಬಿಡಿ ಅಂತಾರೆ. ಏನ್ ಮಾಡ್ಲಿ?’

‘ಮೊಟ್ಟೆ ಇಡ್ತೈತೇನವ್ವ?’ ಅಂದೆ.

‘ಇಡ್ತೈತೆ, ಮೊನ್ನೇನೂ ಇಟ್ಟೈತೆ.’

‘ಹಂಗಾದ್ರೆ ಕತ್ತಿ ಹಿಡೀಬ್ಯಾಡ, ನಾನು ಬರ್ತೀನಿ ಇರು.’

ಮೊಟ್ಟೆಯ ವಿಷಯ ಮೊದಲು ಕೇಳಿದ್ದಕ್ಕೆ ಕಾರಣವಿದೆ. ಹ್ಯಾಟೆ ಕೂಗಿತು ಅಂದಾಗ ಮೂರು ಸಂಗತಿಗಳಲ್ಲಿ ಒಂದಿರುತ್ತದೆ.

ಒಂದು, ಅದು ಹ್ಯಾಟೆಯೇ ಅಲ್ಲದಿರಬಹುದು. ನಿಧಾನವಾಗಿ ಬೆಳೆಯುವ ಹುಂಜದ ಮರಿಯನ್ನು ಹ್ಯಾಟೆಯೆಂದು ಸಾಕಿದವರಿದ್ದಾರೆ. ಮೂರು ನಾಲ್ಕು ತಿಂಗಳಾದ ಮೇಲೆ ಬೆನ್ನಿನ ಹಿಂಭಾಗದಲ್ಲಿ ಚೂಪಾದ, ಜೋಲುವ ಗರಿ ಬಂದರೆ ಹುಂಜ. ಹ್ಯಾಟೆಗೆ ಅಲ್ಲಿ ತುದಿ ದುಂಡಗಿರುವ ಗರಿ.

ಎರಡು, ಗುಂಪಿನಲ್ಲಿ ಹುಂಜ ಇಲ್ಲದಿರುವುದು. ಕೋಳಿಗಳಲ್ಲೂ ಯಜಮಾನಿಕೆಯ ಸಾಲು ಇದೆ. ಯಾರು ಯಾರನ್ನು ಕುಕ್ಕಬಹುದು, ಕಾಳಿಗೆ ಯಾರು ಮೊದಲು ಎಂಬುದೆಲ್ಲ ಅವುಗಳಲ್ಲೇ ತೀರ್ಮಾನವಾಗಿರುತ್ತದೆ. ಹುಂಜ ಇಲ್ಲದ ಕಡೆ ಮೇಲಿನ ಸ್ಥಾನದ ಹ್ಯಾಟೆ ಕೆಲವೊಮ್ಮೆ ಅದರ ಕೆಲಸ ವಹಿಸಿಕೊಂಡು ಕೂಗುತ್ತದೆ, ಮೊಟ್ಟೆಯನ್ನೂ ಇಡುತ್ತದೆ. ನಮ್ಮ ಕರೀ ಹ್ಯಾಟೆಯದು ಇದೇ ಕತೆ. ಅದರ ಮೊಟ್ಟೆ ತಿನ್ನಲು ಯಾವ ಅಡ್ಡಿಯೂ ಇಲ್ಲ.

ಮೂರು, ಕಾಯಿಲೆ. ಹ್ಯಾಟೆಗೆ ಸಾಮಾನ್ಯವಾಗಿ ಎಡಗಡೆಯ ಅಂಡಾಶಯ ಮಾತ್ರ ಕೆಲಸ ಮಾಡುತ್ತದೆ. ಗಡ್ಡೆಯೋ ಸೋಂಕೋ ಆಗಿ ಅದು ಹಾಳಾದರೆ, ಬಲಗಡೆ ಸುಮ್ಮನಿದ್ದ ಅಂಗ ಬೆಳೆದು ಗಂಡಿನ ಹಾರ್ಮೋನು ಸುರಿಸಬಹುದು. ಆಗ ಮೊಟ್ಟೆ ನಿಲ್ಲುತ್ತದೆ, ಜುಟ್ಟು ದೊಡ್ಡದಾಗುತ್ತದೆ, ಕೂಗು ಬರುತ್ತದೆ. ಇಂಥದ್ದನ್ನು ಪಶುವೈದ್ಯರಿಗೆ ತೋರಿಸಬೇಕು. ಹೊಟ್ಟೆ ಊದಿಕೊಂಡು ಮಂಕಾಗಿರುವ ಕೋಳಿಯನ್ನು ಕೊಯ್ದು ತಿನ್ನುವುದು ಜಾಣತನವಲ್ಲ.

ಮೂರರಲ್ಲೂ ಶಕುನಕ್ಕೆ ಎಲ್ಲಿ ಜಾಗವಿದೆ? ಈ ಮೂಢತನ ನಮ್ಮದು ಮಾತ್ರವೂ ಅಲ್ಲ. ಸ್ವಿಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ 1474ರಲ್ಲಿ ಮೊಟ್ಟೆ ಇಟ್ಟಿತೆಂಬ ಆರೋಪದ ಮೇಲೆ ಹುಂಜವೊಂದನ್ನು ವಿಚಾರಣೆ ಮಾಡಿ ಸುಟ್ಟರು!

ಇನ್ನು ಪಕ್ಕದ ಮನೆಯವರ ದೂರು. ಇದು ನ್ಯಾಯವಾದದ್ದು. ಹಳ್ಳಿಯಲ್ಲಿ ಮನೆಗೂ ಮನೆಗೂ ನಡುವೆ ಕಣವಿದೆ, ತೋಟವಿದೆ. ಪೇಟೆಯಲ್ಲಿ ನಮ್ಮ ಗೂಡಿನ ಗೋಡೆಯೇ ಅವರ ಮಲಗುವ ಕೋಣೆಯ ಗೋಡೆ. 2000ದ ಶಬ್ದಮಾಲಿನ್ಯ ನಿಯಮದಲ್ಲಿ ವಾಸದ ಬಡಾವಣೆಗೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿಯಿದೆ. ರಾತ್ರಿ ಎಂದರೆ ಹತ್ತರಿಂದ ಬೆಳಗಿನ ಆರರವರೆಗೆ. ಕೋಳಿಗೆಂದೇ ಮಾಡಿದ ನಿಯಮವಲ್ಲ. ಆದರೂ ಆರರವರೆಗೆ ನೆರೆಯವರ ನಿದ್ದೆ ಕಾಯುವುದು ನಮ್ಮ ಜವಾಬ್ದಾರಿ ಎಂದು ನಾನಂತೂ ಒಪ್ಪುತ್ತೇನೆ.

ನಾವು ಮಾಡಿದ್ದು ಇಷ್ಟು. ಗೂಡನ್ನು ಪಕ್ಕದವರ ಗೋಡೆಯಿಂದ ತೆಗೆದು ನಮ್ಮ ಬಚ್ಚಲ ಕಡೆಗೆ ಇಟ್ಟೆವು. ಬೀದಿ ದೀಪದ ಬೆಳಕು ಬೀಳದಂತೆ ಹಳೇ ಗೋಣಿಚೀಲ ಎರಡು ಪದರ ಇಳಿಬಿಟ್ಟು, ಗಾಳಿಗೆ ಕೆಳಗಡೆ ಜಾಗ ಬಿಟ್ಟೆವು. ಕರೀ ಹ್ಯಾಟೆಯನ್ನು ರಾತ್ರಿ ಬೇರೆಯಾಗಿ, ತಗ್ಗಾದ ಮಂಕರಿಯಲ್ಲಿ ಮುಚ್ಚಿ ಗೂಡಿನೊಳಗೇ ಇಟ್ಟೆವು. ಬಿಡುವುದು ಏಳು ಗಂಟೆಗೆ. ಕೂಗು ಪೂರ್ತಿ ನಿಂತಿಲ್ಲ, ಆದರೆ ಹೊತ್ತು ಸರಿದಿದೆ, ಸದ್ದು ತಗ್ಗಿದೆ. ಜಪಾನಿನ ನಗೋಯಾ ವಿಶ್ವವಿದ್ಯಾಲಯದವರು 2013ರಲ್ಲಿ ತೋರಿಸಿದಂತೆ, ಹುಂಜಕ್ಕೆ ಹೊತ್ತು ತಿಳಿಸುವ ಗಡಿಯಾರ ಅದರ ಮೈಯೊಳಗೇ ಇದೆ. ಬೆಳಕು ಮತ್ತು ಬೇರೆ ಕೋಳಿಯ ಕೂಗು ಅದನ್ನು ಇನ್ನಷ್ಟು ಕೆರಳಿಸುತ್ತವೆ. ಹಾಗಾಗಿ ಕತ್ತಲು ಮಾಡುವುದರಿಂದ ಪ್ರಯೋಜನವಿದೆ, ಅದೊಂದೇ ಸಾಲದು. ಕೂಗದಂತೆ ಕತ್ತಿಗೆ ಪಟ್ಟಿ ಬಿಗಿಯುವವರೂ ಇದ್ದಾರಂತೆ. ಉಸಿರು ಕಟ್ಟೀತು, ಅದು ಬೇಡ.

ಇಷ್ಟಕ್ಕೂ ಬಗ್ಗದಿದ್ದರೆ ಕೋಳಿಯನ್ನು ಹಳ್ಳಿಗೆ ವಾಪಸು ತರುವುದು. ಹುಂಜ ಇರುವ ಗುಂಪಿಗೆ ಸೇರಿದರೆ ಇಂಥ ಹ್ಯಾಟೆ ತಣ್ಣಗಾಗುವುದುಂಟು. ನಾಟಿ ಹ್ಯಾಟೆ ವರ್ಷಕ್ಕೆ ಇಡುವುದೇ ಐವತ್ತು ಅರವತ್ತು ಮೊಟ್ಟೆ. ಅದರ ಬೆಲೆ ಇರುವುದು ಕಾವು ಕೂರುವುದರಲ್ಲಿ, ಮರಿ ಮೇಯಿಸುವುದರಲ್ಲಿ. ಎರಡು ಎಕರೆಯ ಮನೆಯಲ್ಲಿ ಹೆಂಗಸಿನ ಕೈಗೆ ಯಾರನ್ನೂ ಕೇಳದೆ ಬರುವ ಕಾಸು ಇದೊಂದೇ. ಒಂದು ಕೂಗಿಗಾಗಿ ಒಂದು ಹ್ಯಾಟೆಯನ್ನು ಕೊಯ್ದರೆ ಮುಂದಿನ ಹಿಂಡನ್ನೂ ಕೊಯ್ದಂತೆ.

ಕೊನೆಯದಾಗಿ ಒಂದು ಮಾತು. ‘ಹ್ಯಾಟೆ ಕೂಗಿದರೆ ಕೇಡು’ ಎಂಬುದನ್ನು ನಮ್ಮಲ್ಲಿ ಕೋಳಿಗಷ್ಟೇ ಹೇಳುವುದಿಲ್ಲ. ಮನೆಯ ಲೆಕ್ಕ ಕೇಳಿದ ಸೊಸೆಗೂ ಹೇಳುತ್ತಾರೆ, ಸಭೆಯಲ್ಲಿ ಎದ್ದು ಮಾತಾಡಿದ ಪಂಚಾಯ್ತಿ ಸದಸ್ಯೆಗೂ ಹೇಳುತ್ತಾರೆ. ಕರ್ನಾಟಕದಲ್ಲಿ 1987ರ ಚುನಾವಣೆಯಲ್ಲೇ ಹೆಂಗಸರಿಗೆ ನೂರಕ್ಕೆ 25 ಸ್ಥಾನ ಮೀಸಲಾಗಿತ್ತು. 2010ರಿಂದ ಪಂಚಾಯ್ತಿಗಳಲ್ಲಿ ಅರ್ಧ ಸ್ಥಾನ ನಮ್ಮದು. ಕಾನೂನು ಇಷ್ಟು ದೂರ ಬಂದರೂ ಗಾದೆ ಕೂತಲ್ಲೇ ಕೂತಿದೆ. ತನ್ನ ಕೋಳಿ ಕೂಗದಿದ್ದರೆ ಊರಿಗೆ ಬೆಳಗಾಗದು ಎಂದುಕೊಂಡ ಅಜ್ಜಿಯ ಕತೆ ಕೇಳಿ ನಾವೆಲ್ಲ ನಕ್ಕಿದ್ದೇವೆ. ಹ್ಯಾಟೆ ಕೂಗಿದರೆ ಮನೆ ಮುಳುಗುತ್ತದೆ ಎನ್ನುವವರು ಆ ಅಜ್ಜಿಗಿಂತ ಯಾವ ಲೆಕ್ಕದಲ್ಲಿ ಬುದ್ಧಿವಂತರು?

ಕೋಳಿ ಸಾಕುವ ಅಕ್ಕತಂಗಿಯರೇ, ಹ್ಯಾಟೆ ಕೂಗಿದರೆ ಮೊದಲು ಗೂಡಿಗೆ ಕೈ ಹಾಕಿ, ಮೊಟ್ಟೆ ಇದೆಯೋ ನೋಡಿ. ಆಮೇಲೆ ಪಕ್ಕದ ಮನೆಯವರನ್ನು ಮಾತಾಡಿಸಿ. ಹೋಗುವಾಗ ಕೈಯಲ್ಲಿ ನಾಲ್ಕು ಮೊಟ್ಟೆ ಇರಲಿ.