ಟಿಕೆಟ್ ಎಷ್ಟು ಸಲ ವಾಪಸ್ ಬಂತು ಅಂತ ಎಣಿಸಿ, ಆದ್ರೆ ಯಾರ ಹೆಸರಲ್ಲೂ ಬೇಡ

(1/5)

ಮೊದಲ ಫೋಟೋ ನೋಡಿ. ಬೋರ್ಡ್ ಮೇಲೆ ಐದು ಕಾಲಂ: ಟು ಡೂ, ಇನ್ ಪ್ರೋಗ್ರೆಸ್, ಕೋಡ್ ರಿವ್ಯೂ, ಟೆಸ್ಟಿಂಗ್, ಡನ್. ಕಾಲೇಜಲ್ಲಿ ನಮಗೆ ಹೇಳಿಕೊಟ್ಟಿದ್ದು, ಕಾರ್ಡು ಎಡದಿಂದ ಬಲಕ್ಕೆ ಹೋಗುತ್ತೆ ಅಂತ. ಪಿಪಿಟಿಯಲ್ಲಿ ಬಾಣಗಳೆಲ್ಲ ಒಂದೇ ದಿಕ್ಕಿಗೆ ಇರ್ತಿದ್ವು. ಕೆಲಸಕ್ಕೆ ಸೇರಿದ ಮೇಲೆ ಗೊತ್ತಾಗೋದು, ಈ ಕಾರ್ಡುಗಳು ಚೆಂಡಿನ ಥರ. ಟೆಸ್ಟಿಂಗ್‌ಗೆ ಹೋಯ್ತು, ವಾಪಸ್ ಬಂತು, ಮತ್ತೆ ಹೋಯ್ತು, ಮತ್ತೆ ಬಂತು. ಟಿಕೆಟ್ ಬೌನ್ಸ್ ಆಯ್ತು ಅಂತೀವಲ್ಲ, ಅದೇ ಇದು.

ನಾನು ಟೆಸ್ಟರ್. ವಾಪಸ್ ಕಳಿಸೋದು ನನ್ನ ಕೆಲಸದ ಅರ್ಧ ಭಾಗ. ಹೋದ ಪೋಸ್ಟ್ ಕೆಳಗೆ ಇಬ್ಬರು ಕ್ಲಾಸ್‌ಮೇಟ್ಸ್ ಜಗಳಾಡಿದ್ರು. ಒಬ್ಬರು, "ಬೌನ್ಸ್ ಲೆಕ್ಕ ಇಡೋದೇ ಮೈಕ್ರೋಮ್ಯಾನೇಜ್‌ಮೆಂಟ್" ಅಂದ್ರು. ಇನ್ನೊಬ್ಬರು, "ಲೆಕ್ಕ ಇಲ್ದಿದ್ರೆ ಜವಾಬ್ದಾರಿ ಎಲ್ಲಿ ಬರುತ್ತೆ" ಅಂದ್ರು. ನಾನು ಹೇಳೋದು ಇಷ್ಟೇ. ಎಣಿಸಲೇಬೇಕು. ಆದ್ರೆ ಯಾವ ಎರಡು ಕಾಲಂ ನಡುವೆ, ಯಾವ ಕಾರಣಕ್ಕೆ ವಾಪಸ್ ಬಂತು ಅಂತ ಎಣಿಸಬೇಕು. ಯಾರ ಹೆಸರಿನ ಮುಂದೆ ಎಷ್ಟು ಅಂತ ಎಣಿಸೋಕೆ ಶುರು ಮಾಡಿದ ದಿನ ಆ ನಂಬರ್ ಸತ್ತ ಹಾಗೆ.

(2/5)

ಒಂದು ಸಲ ವಾಪಸ್ ಬಂದ್ರೆ ಏನು ಮಹಾ, ಹತ್ತು ನಿಮಿಷದ ಕೆಲಸ ಅನ್ನಿಸುತ್ತೆ. ಕೆಲಸ ಹತ್ತೇ ನಿಮಿಷದ್ದು, ಒಪ್ಪಿದೆ. ಕಾಯೋದು ಎಷ್ಟು ಹೊತ್ತು ಅಂತ ನೋಡಿ.

ಸೋಮವಾರ ಸಂಜೆ 5ಕ್ಕೆ ನಾನು ಒಂದು ಟಿಕೆಟ್ ವಾಪಸ್ ಹಾಕಿದೆ ಅಂತಿಟ್ಕೊಳ್ಳಿ. ಡೆವಲಪರ್ ಅಷ್ಟರಲ್ಲಿ ಬೇರೆ ಟಿಕೆಟ್ ಹಿಡಿದಿರ್ತಾರೆ. ಮಂಗಳವಾರ ಮಧ್ಯಾಹ್ನ ಇದಕ್ಕೆ ಕೈ ಹಾಕಿದ್ರೆ, ಮೊದಲು ತಾವೇ ಬರೆದ ಕೋಡನ್ನ ತಾವೇ ಮತ್ತೆ ಓದಬೇಕು. ಸರಿ ಮಾಡಿ, ರಿವ್ಯೂಗೆ ಹಾಕಿ, ಬಿಲ್ಡ್ ಆಗಿ ನನ್ನ ಹತ್ರ ಬರೋ ಹೊತ್ತಿಗೆ ಬುಧವಾರ. ಆಗ ನಾನು ಬೇರೆ ಏನೋ ಟೆಸ್ಟ್ ಮಾಡ್ತಿರ್ತೀನಿ. ಹತ್ತು ನಿಮಿಷದ ಕೆಲಸಕ್ಕೆ ಎರಡು ದಿನ. ಮೂರು ಸಲ ಬೌನ್ಸ್ ಆದ್ರೆ ಹೆಚ್ಚು ಕಡಿಮೆ ಒಂದು ವಾರ ಅಲ್ಲೇ ಹೋಯ್ತು. ಸ್ಟ್ಯಾಂಡಪ್‌ನಲ್ಲಿ ಮಾತ್ರ ದಿನಾ ಒಂದೇ ಡೈಲಾಗ್: "ಆಲ್ಮೋಸ್ಟ್ ಡನ್, ಚಿಕ್ಕದೊಂದು ಫಿಕ್ಸ್ ಬಾಕಿ."

ಇನ್ನೊಂದು ಲೆಕ್ಕ ಇದೆ, ಫ್ಯಾಕ್ಟರಿಯವರು ತುಂಬಾ ಹಿಂದಿನಿಂದ ಮಾಡ್ತಿರೋದು. ನಾಲ್ಕು ಹಂತ ಇದೆ, ಪ್ರತಿ ಹಂತದಲ್ಲೂ 100ಕ್ಕೆ 90 ಕಾರ್ಡು ಮೊದಲ ಸಲವೇ ಪಾಸ್ ಆಗುತ್ತೆ ಅಂತಿಟ್ಕೊಳ್ಳಿ. 90 ಪರ್ಸೆಂಟ್ ಅಂದ್ರೆ ಡಿಸ್ಟಿಂಕ್ಷನ್, ಅಲ್ವಾ? 0.9ನ್ನ ನಾಲ್ಕು ಸಲ ಗುಣಿಸಿ ನೋಡಿ. 0.656 ಬರುತ್ತೆ. ಅಂದ್ರೆ ಎಲ್ಲೂ ವಾಪಸ್ ಬರದೆ ಡನ್ ಮುಟ್ಟೋದು 100ರಲ್ಲಿ ಸುಮಾರು 66 ಕಾರ್ಡು ಮಾತ್ರ. ಉಳಿದ 34 ಒಂದು ಸಲವಾದರೂ ಹಿಂದಕ್ಕೆ ಬಂದಿರುತ್ತೆ. ಇಲ್ಲಿ ಯಾರೂ ದಡ್ಡರಲ್ಲ, ಯಾರೂ ಸೋಮಾರಿ ಅಲ್ಲ. ಪ್ರತಿಯೊಬ್ಬರೂ 90 ತೆಗೆದವರೇ. ಹೆಸರು ಹಾಕಿ ಚಾರ್ಟ್ ಮಾಡೋವ್ರಿಗೆ ಮೊದಲು ಈ ಗುಣಾಕಾರ ತೋರಿಸಬೇಕು.

(3/5)

ಎಣಿಸೋದು ಹೇಗೆ? ಹೆಚ್ಚಿನ ಆಫೀಸುಗಳಲ್ಲಿ ಇರೋದು ಜಿರಾ, ಅದಕ್ಕೇ ಅದನ್ನೇ ಹೇಳ್ತೀನಿ. (ಗಾಡ್ಜಿಲ್ಲಾಗೆ ಜಪಾನಿನಲ್ಲಿ ಗೊಜಿರಾ ಅಂತಾರೆ, ಅದರ ಬಾಲ ಹಿಡಿದು ಇಟ್ಟ ಹೆಸರು. ಸ್ಪ್ರಿಂಟ್ ಕೊನೆ ದಿನ ನೋಡಿದ್ರೆ ಸರಿಯಾಗೇ ಇಟ್ಟಿದ್ದಾರೆ ಅನ್ಸುತ್ತೆ.)

ಯಾವ ಟಿಕೆಟ್ ಆದ್ರೂ ತೆಗೆದು ಹಿಸ್ಟರಿ ಟ್ಯಾಬ್ ಒತ್ತಿ. ಯಾವ ಸ್ಟೇಟಸ್‌ನಿಂದ ಯಾವುದಕ್ಕೆ, ಯಾವಾಗ ಹೋಯ್ತು ಅನ್ನೋದೆಲ್ಲ ಅಲ್ಲಿದೆ. ಸರ್ಚ್‌ನಲ್ಲಿ ಸ್ಟೇಟಸ್ ಚೇಂಜ್ಡ್ ಫ್ರಮ್ ಟೆಸ್ಟಿಂಗ್ ಟು ಇನ್ ಪ್ರೋಗ್ರೆಸ್ ಅಂತ ಹಾಕಿದ್ರೆ, ಒಂದು ಸಲವಾದ್ರೂ ಹಾಗೆ ಹಿಂದೆ ಬಂದ ಟಿಕೆಟ್‌ಗಳ ಪಟ್ಟಿ ಸಿಗುತ್ತೆ. ಆದ್ರೆ ಗಮನಿಸಿ, ಎಷ್ಟು ಸಲ ಬಂತು ಅಂತ ಆ ಸರ್ಚ್ ಹೇಳಲ್ಲ. ಒಂದು ಸಲ ಬಂದಿದ್ದೂ ಏಳು ಸಲ ಬಂದಿದ್ದೂ ಪಟ್ಟಿಯಲ್ಲಿ ಒಂದೇ ಸಾಲು. ಎಣಿಕೆ ಬೇಕಂದ್ರೆ ಒಂದು ನಂಬರ್ ಫೀಲ್ಡ್ ಮಾಡಿ, ಟಿಕೆಟ್ ಹಿಂದಕ್ಕೆ ಬಂದಾಗೆಲ್ಲ ಅದಕ್ಕೆ 1 ಸೇರಿಸೋ ಆಟೊಮೇಷನ್ ರೂಲ್ ಹಾಕಿಸಬೇಕು. ಅಡ್ಮಿನ್ ಹತ್ರ ಸ್ವಲ್ಪ ಹಲ್ಲು ಕಿರೀಬೇಕಾಗುತ್ತೆ, ಅಷ್ಟೇ.

ನಂಬರ್‌ಗಿಂತ ಮುಖ್ಯ ಕಾರಣ. ವಾಪಸ್ ಕಳಿಸೋವಾಗ ಒಂದು ಚಿಕ್ಕ ಬಾಕ್ಸ್ ತೆರೆದುಕೊಂಡು ಯಾಕೆ ಅಂತ ಕೇಳೋ ಹಾಗೆ ಮಾಡಬಹುದು. ನಾಲ್ಕೇ ಆಯ್ಕೆ ಸಾಕು: ಕೋಡ್‌ನಲ್ಲೇ ಬಗ್, ರಿಕ್ವೈರ್‌ಮೆಂಟ್ ಅರ್ಧಂಬರ್ಧ ಇತ್ತು, ಬಿಲ್ಡ್ ಅಥವಾ ಟೆಸ್ಟ್ ಡೇಟಾ ಸರಿ ಇರಲಿಲ್ಲ, ಮಧ್ಯದಲ್ಲಿ ಮನಸ್ಸು ಬದಲಾಯಿಸಿದ್ರು. ಹದಿನೈದು ಆಯ್ಕೆ ಕೊಟ್ರೆ ಎಲ್ಲರೂ ಮೇಲಿನದ್ದೇ ಒತ್ತಿ ಮುಂದೆ ಹೋಗ್ತಾರೆ, ನಾನೂ ಹಾಗೇ ಮಾಡ್ತೀನಿ. ಕೈ ತಪ್ಪಿ ಎಳೆದು ಒಂದು ನಿಮಿಷದಲ್ಲಿ ವಾಪಸ್ ಇಟ್ಟಿದ್ದನ್ನ ಲೆಕ್ಕದಿಂದ ತೆಗೀರಿ.

ಫೈನಲ್ ಇಯರ್ ಪ್ರಾಜೆಕ್ಟಿನವರಿಗೆ ಇದೆಲ್ಲ ಬೇಡ. ಗೋಡೆ ಮೇಲಿನ ಸ್ಟಿಕ್ಕಿ ನೋಟ್ ಹಿಂದೆ ಬಂದಾಗೆಲ್ಲ ಕೆಂಪು ಪೆನ್ನಲ್ಲಿ ಒಂದು ಚುಕ್ಕಿ ಇಡಿ. ಎರಡನೇ ಫೋಟೋದಲ್ಲಿರೋದು ಅದೇ. ಲಾಗಿನ್ ಪೇಜ್ ಕಾರ್ಡಿನ ಮೇಲೆ ಐದು ಚುಕ್ಕಿ ಬಿದ್ದಿದ್ರೆ, ಗೈಡ್ ಕೇಳೋ ಮೊದಲೇ ನಿಮಗೆ ಗೊತ್ತಾಗುತ್ತೆ ಎಲ್ಲಿ ಕೂತು ಮಾತಾಡಬೇಕು ಅಂತ.

(4/5)

ಈಗ ನನಗೆ ನಿಜವಾಗಿ ಸಿಟ್ಟು ಬರೋ ವಿಷಯ.

ಹಿಂದೆ ಇದ್ದ ಒಂದು ಟೀಮಲ್ಲಿ (ಕಂಪನಿ ಹೆಸರು ಕೇಳ್ಬೇಡಿ) ತಿಂಗಳ ಮೀಟಿಂಗಲ್ಲಿ ಒಂದು ಬಾರ್ ಚಾರ್ಟ್ ಹಾಕೋಕೆ ಶುರು ಮಾಡಿದ್ರು. ಕೆಳಗೆ ಡೆವಲಪರ್‌ಗಳ ಹೆಸರು, ಮೇಲೆ ಯಾರ ಟಿಕೆಟ್ ಎಷ್ಟು ಸಲ ವಾಪಸ್ ಬಂತು ಅನ್ನೋ ಲೆಕ್ಕ. ಎರಡೇ ಸ್ಪ್ರಿಂಟ್. ಟೆಸ್ಟರ್‌ಗಳ ಚಾಟ್ ತುಂಬ ಒಂದೇ ಮೆಸೇಜ್: "ಗುರು, ಟಿಕೆಟ್ ವಾಪಸ್ ಹಾಕ್ಬೇಡ, ಇಲ್ಲೇ ಹೇಳು, ಐದು ನಿಮಿಷದಲ್ಲಿ ಮಾಡಿ ಕೊಡ್ತೀನಿ." ಬಗ್ ಅಷ್ಟೇ ಇತ್ತು, ಓಡಾಟ ಅಷ್ಟೇ ಇತ್ತು, ಬೋರ್ಡ್ ಮೇಲೆ ಕಾಣ್ತಿರಲಿಲ್ಲ. ಚಾರ್ಟ್ ಇಳೀತು. ಮೀಟಿಂಗಲ್ಲಿ ಚಪ್ಪಾಳೆ ಬಿತ್ತು.

ಆ ಚಾರ್ಟಲ್ಲಿ ಎಲ್ಲರಿಗಿಂತ ಎತ್ತರದ ಬಾರ್ ಯಾರದ್ದಿತ್ತು ಗೊತ್ತಾ? ಪೇಮೆಂಟ್ ಮಾಡ್ಯೂಲ್ ಮಾಡ್ತಿದ್ದವರದ್ದು. ಬಟನ್ ಬಣ್ಣ ಬದಲಾಯಿಸೋ ಟಿಕೆಟ್ ತಗೊಂಡವರದ್ದು ಸೊನ್ನೆ. ಮುಂದಿನ ಸಲ ಕಷ್ಟದ ಟಿಕೆಟ್ ಬಂದಾಗ ಎಲ್ಲರೂ ನೆಲ ನೋಡಿದ್ರು. ಕೊನೆಗೆ ಅದು ಯಾರ ತಲೆಗೆ ಬಂತು ಅಂತ ಹೇಳಬೇಕಾ? ಆ ವಾರ ಸೇರಿದ ಫ್ರೆಶರ್‌ಗೆ.

ನಮ್ಮ ಟೆಸ್ಟರ್ ಜಾತಿಯೂ ಏನು ಕಮ್ಮಿ ಇಲ್ಲ. ಎಷ್ಟು ಬಗ್ ಹಿಡಿದ್ರಿ ಅಂತ ಅಳೆಯೋ ಕಡೆ, ನಾಲ್ಕು ಬಗ್ ಒಟ್ಟಿಗೆ ಬರೆದು ಒಂದೇ ಸಲ ವಾಪಸ್ ಹಾಕೋ ಬದಲು, ದಿನಕ್ಕೊಂದರಂತೆ ನಾಲ್ಕು ಸಲ ಹಾಕೋವ್ರನ್ನ ನೋಡಿದ್ದೀನಿ.

ಚಾರ್ಲ್ಸ್ ಗುಡ್‌ಹಾರ್ಟ್ ಅನ್ನೋ ಬ್ರಿಟಿಷ್ ಅರ್ಥಶಾಸ್ತ್ರಜ್ಞ 1975ರಲ್ಲೇ ಇದನ್ನ ಹೇಳಿದ್ದಾರೆ, ಅವರು ಬರೆದಿದ್ದು ಬ್ಯಾಂಕು, ಹಣಕಾಸು ನೀತಿ ಬಗ್ಗೆ: ಒಂದು ಅಳತೆಯನ್ನೇ ಹಗ್ಗ ಮಾಡ್ಕೊಂಡು ನಿಯಂತ್ರಿಸೋಕೆ ಹೋದ್ರೆ, ಆ ಅಳತೆ ಕೈಕೊಡುತ್ತೆ.

ಇದನ್ನೇ ಲ್ಯಾಬ್ ರೆಕಾರ್ಡಿಗೆ ಹಾಕಿ ನೋಡಿ, ನಿಮಗೆಲ್ಲ ಗೊತ್ತಿರೋದು. ಇಂಡೆಕ್ಸ್ ಸರಿ ಇಲ್ಲ ಅಂತ ವಾಪಸ್, ಮಾರ್ಜಿನ್ ಇಲ್ಲ ಅಂತ ವಾಪಸ್, ಔಟ್‌ಪುಟ್ ಎಡಗಡೆ ಪುಟದಲ್ಲಿ ಬರೀಬೇಕಿತ್ತು ಅಂತ ವಾಪಸ್. "ಈ ಹುಡುಗನ ರೆಕಾರ್ಡ್ ಆರು ಸಲ ವಾಪಸ್ ಹೋಗಿದೆ" ಅಂತ ಲೆಕ್ಕ ಇಟ್ರೆ ಏನಾಗುತ್ತೆ? ಆ ಹುಡುಗನಿಗೆ ಬೈಗುಳ, ಮುಂದಿನ ಬ್ಯಾಚಿಗೆ ಮತ್ತೆ ಅದೇ ಕಥೆ. "ಅರ್ಧ ಕ್ಲಾಸಿನ ರೆಕಾರ್ಡ್ ಇಂಡೆಕ್ಸ್ ಕಾರಣಕ್ಕೆ ವಾಪಸ್ ಹೋಗಿದೆ" ಅಂತ ಲೆಕ್ಕ ಇಟ್ರೆ? ಯಾರೋ ಒಬ್ಬರು ಮಾದರಿ ಇಂಡೆಕ್ಸ್ ಒಂದನ್ನ ಲ್ಯಾಬ್ ಬಾಗಿಲಿಗೆ ಅಂಟಿಸ್ತಾರೆ. ರೆಕಾರ್ಡು ಅದೇ, ವಾಪಸಾತಿ ಅದೇ. ಲೆಕ್ಕ ಹಾಕೋ ರೀತಿ ಮಾತ್ರ ಬೇರೆ.

(5/5)

"ಹಾಗಾದ್ರೆ ಎಣಿಸೋದೇ ಬೇಡ" ಅನ್ನೋವ್ರಿಗೆ. ಲೆಕ್ಕ ಇಲ್ಲದ ಕಡೆ ಏನಿರುತ್ತೆ ಹೇಳಿ? ಜೋರು ಬಾಯಿ ಇರೋವ್ರ ನೆನಪು ಇರುತ್ತೆ. ಅಪ್ರೈಸಲ್‌ನಲ್ಲಿ "ನೀನು ಸ್ವಲ್ಪ ಸ್ಲೋ" ಅಂದಾಗ ಫ್ರೆಶರ್ ಕೈಯಲ್ಲಿ ಏನೂ ಇರಲ್ಲ. ಅದೇ, ಈ ಟಿಕೆಟ್ ನಾಲ್ಕು ಸಲ ಹಿಂದೆ ಬಂತು, ಅದರಲ್ಲಿ ಮೂರು ಸಲ ರಿಕ್ವೈರ್‌ಮೆಂಟ್ ಬದಲಾಗಿದ್ದಕ್ಕೆ ಅಂತ ಟಿಕೆಟ್ಟಿನಲ್ಲೇ ಬರೆದಿದ್ರೆ, ಮಾತು ಬೇರೆ ದಾರಿ ಹಿಡಿಯುತ್ತೆ. ಕಿರಿಯರಿಗೇ ಈ ಲೆಕ್ಕ ಜಾಸ್ತಿ ಬೇಕಾಗಿರೋದು.

ಸೊನ್ನೆ ಗುರಿ ಇಡೋ ಮ್ಯಾನೇಜರ್‌ಗಳಿಗೂ ಒಂದು ಮಾತು. ಬೌನ್ಸ್ ಸೊನ್ನೆ ಆಗಿದೆ ಅಂದ್ರೆ ನನಗೆ ಮೊದಲು ಬರೋದು ಅನುಮಾನ. ಟೆಸ್ಟರ್ ಕಣ್ಣು ಮುಚ್ಕೊಂಡು ಪಾಸ್ ಮಾಡ್ತಿರಬಹುದು, ಇಲ್ಲಾ ಎಲ್ಲ ಚಾಟಲ್ಲಿ ನಡೀತಿರಬಹುದು. ನಾವು ದಿನಾ ನೋಡೋ ಕಾನ್‌ಬಾನ್ ಬೋರ್ಡಿನ ಮೂಲ ಟೊಯೋಟಾ ಫ್ಯಾಕ್ಟರಿ, ತಾಯಿಚಿ ಓನೋ ಅಲ್ಲಿ ಬೆಳೆಸಿದ ಪದ್ಧತಿ. ಅದೇ ಟೊಯೋಟಾದಲ್ಲಿ ಇನ್ನೊಂದು ರೂಢಿ ಇದೆ: ಅಸೆಂಬ್ಲಿ ಲೈನಲ್ಲಿ ನಿಂತ ಕೆಲಸಗಾರರಿಗೆ ತಪ್ಪು ಕಂಡ್ರೆ ತಲೆ ಮೇಲಿನ ಹಗ್ಗ ಎಳೀಬಹುದು, ಬೇಕಾದ್ರೆ ಇಡೀ ಲೈನ್ ನಿಲ್ಲುತ್ತೆ. ಅಂಡಾನ್ ಅಂತಾರೆ. ಹಗ್ಗ ಎಳೆದವರ ಹೆಸರು ಬರೆದು ಗೋಡೆಗೆ ಅಂಟಿಸೋಕೆ ಅಲ್ಲ ಅದು ಇರೋದು, ಅಲ್ಲೇ ಬಂದು ಕೇಳೋಕೆ. ನಾವು ಬೋರ್ಡ್ ತಗೊಂಡ್ವಿ, ಹಗ್ಗ ಅಲ್ಲೇ ಬಿಟ್ಟು ಬಂದ್ವಿ.

ಹೊಸದಾಗಿ ಸೇರಿದವರು ರೆಟ್ರೋ ಮೀಟಿಂಗಲ್ಲಿ ಇದನ್ನ ಎತ್ತೋದಾದ್ರೆ ಒಂದು ಸಲಹೆ. "ನಮ್ಮಲ್ಲಿ ಬೌನ್ಸ್ ಜಾಸ್ತಿ" ಅನ್ಬೇಡಿ, ಎಲ್ಲರಿಗೂ ಚುಚ್ಚುತ್ತೆ. ಎರಡು ಸ್ಪ್ರಿಂಟಿನ ಟಿಕೆಟ್‌ಗಳ ಹಿಸ್ಟರಿ ನೋಡಿ, ಹೆಸರು ತೆಗೆದು, ಕಾಲಂನಿಂದ ಕಾಲಂಗೆ ಎಷ್ಟು, ಯಾವ ಕಾರಣಕ್ಕೆ ಎಷ್ಟು ಅಂತ ಒಂದೇ ಹಾಳೆಯಲ್ಲಿ ಬರ್ಕೊಂಡು ಹೋಗಿ. ಟೆಸ್ಟ್ ಡೇಟಾ ಇಲ್ಲದ್ದಕ್ಕೇ ಜಾಸ್ತಿ ವಾಪಸ್ ಬಂದಿದ್ರೆ, "ಡೇಟಾ ರೆಡಿ ಆಗೋವರೆಗೂ ಟೆಸ್ಟಿಂಗ್ ಕಾಲಂಗೆ ತಳ್ಳೋದು ಬೇಡ, ಟ್ರೈ ಮಾಡೋಣ್ವಾ?" ಅಂತ ಕೇಳಿ. ಒಂದೇ ಬದಲಾವಣೆ, ಒಂದೇ ಸ್ಪ್ರಿಂಟ್. ಆಮೇಲೆ ಮತ್ತೆ ಎಣಿಸಿ.

ಆಟೊಮೇಷನ್ ರೂಲಿನ ಸ್ಕ್ರೀನ್‌ಶಾಟ್ ನಾಳೆ ಸ್ಟೋರಿಯಲ್ಲಿ ಹಾಕ್ತೀನಿ. ನಿಮ್ಮ ಬೋರ್ಡಲ್ಲಿ ಯಾವ ಎರಡು ಕಾಲಂ ನಡುವೆ ಓಡಾಟ ಜಾಸ್ತಿ ಅಂತ ಕಮೆಂಟಲ್ಲಿ ಬರೀರಿ. ಕಂಪನಿ ಹೆಸರು ಬೇಡ, ಮ್ಯಾನೇಜರ್ ಹೆಸರಂತೂ ಬೇಡವೇ ಬೇಡ.

#ಕನ್ನಡದಲ್ಲಿ_ಟೆಕ್ #ಫ್ರೆಶರ್_ಡೈರಿ #ಟೆಸ್ಟರ್_ಮಾತು