ರಾತ್ರಿ ಯಾರಪ್ಪನ ಆಸ್ತಿ?

ಬೆಂಗಳೂರಿನ ಇಂದಿರಾನಗರ, ಕೋರಮಂಗಲ, ಚರ್ಚ್ ಸ್ಟ್ರೀಟುಗಳಲ್ಲಿ ಎಷ್ಟೋ ವರ್ಷದಿಂದ ಒಂದು ಜಗಳ ನಡೀತಾ ಇದೆ. ಪಬ್ಬುಗಳ ಹಾಡು ಕುಣಿತ ಎಷ್ಟು ಹೊತ್ತಿನವರೆಗೆ, ಎಷ್ಟು ಜೋರಾಗಿ ಇರಬೇಕು ಅನ್ನೋದೇ ಜಗಳ. ಒಂದು ಕಡೆ ನಿವಾಸಿಗಳ ಸಂಘದವರು. ನಮಗೆ ನಿದ್ದೆಯಿಲ್ಲ, ಕಿಟಕಿ ಗಾಜು ಅದುರುತ್ತೆ, ಕುಡಿದವರು ಗೇಟಿನ ಮುಂದೆ ಉಚ್ಚೆ ಹೊಯ್ತಾರೆ ಅಂತಾರೆ. ಇನ್ನೊಂದು ಕಡೆ ಮಾಲೀಕರು. ಸಂಗೀತ ನಿಂತರೆ ವ್ಯಾಪಾರ ನಿಲ್ಲುತ್ತೆ, ಸರ್ಕಾರಕ್ಕೆ ತೆರಿಗೆ ನಿಲ್ಲುತ್ತೆ, ಬೆಂಗಳೂರಿನ ಹೆಸರು ಕೆಡುತ್ತೆ ಅಂತಾರೆ. ಪತ್ರಿಕೆಗಳು ಇಬ್ಬರ ಫೋಟೋವನ್ನೂ ಹಾಕಿ ನ್ಯಾಯ ಒದಗಿಸಿದೆವು ಅಂದುಕೊಳ್ಳುತ್ತವೆ.

ಆ ಫೋಟೋದಲ್ಲಿ ಮೈಕು ಹಿಡಿದವಳು ಇಲ್ಲ. ತಟ್ಟೆ ಹಿಡಿದವನಿಲ್ಲ. ಬೆಳಗಿನ ಜಾವ ಪೊರಕೆ ಹಿಡಿಯುವವಳೂ ಇಲ್ಲ. ಯಾಕಿಲ್ಲ ಸ್ವಾಮಿ?

ಮೊದಲು ನಿದ್ದೆಯ ಮಾತು. ನಿದ್ದೆ ಕೇಳೋದು ತಪ್ಪಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45. ವಾಣಿಜ್ಯ ಪ್ರದೇಶದಲ್ಲಿ ಹಗಲು 65, ರಾತ್ರಿ 55. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಲ್ಲಿ ಧ್ವನಿವರ್ಧಕ ಕೂಡದು. ಒಳ್ಳೆಯ ಕಾನೂನೇ. ಮಹಡಿಯ ಮೇಲೆ ಸ್ಪೀಕರ್ ಇಟ್ಟು ಮಧ್ಯರಾತ್ರಿ ಬಡಿಯುವವನ ಮೇಲೆ ಕೇಸು ಹಾಕಿ, ಯಾರು ಬೇಡ ಅಂದರು? ಆದರೆ ಕೋರಮಂಗಲದ ಮಗ್ಗುಲಲ್ಲೇ ಈಜಿಪುರ ಅಂತ ಒಂದಿದೆ. 2013ರ ಜನವರಿಯ ಚಳಿಯಲ್ಲಿ ಅಲ್ಲಿನ ಬಡವರ ಕ್ವಾರ್ಟರ್ಸ್ ಕೆಡವಲು ಬುಲ್ಡೋಜರ್ ಬಂತು. ಆ ಜಾಗದಲ್ಲಿ ಮಾಲ್ ಕಟ್ಟುವ ಯೋಜನೆ. ಬೀದಿಗೆ ಬಿದ್ದವರಲ್ಲಿ ದಲಿತರು, ಮುಸ್ಲಿಮರು, ಕ್ರೈಸ್ತರು. ಎಷ್ಟೋ ಸಂಸಾರ ಫುಟ್‌ಪಾತಿನ ಮೇಲೆ ಮಲಗಿದವು. ಆ ಬುಲ್ಡೋಜರು ಎಷ್ಟು ಡೆಸಿಬೆಲ್ ಸದ್ದು ಮಾಡಿತು ಅಂತ ಅಳೆದವರು ಯಾರು?

ನಿದ್ದೆಯ ಮಾತಿನ ಬೆನ್ನಿಗೇ ಇನ್ನೊಂದು ಮಾತು ಮೆಲ್ಲಗೆ ಒಳಗೆ ಬರುತ್ತೆ. ಇದು ಸಂಸಾರಸ್ಥರ ಏರಿಯಾ, ಇಂಥವರೆಲ್ಲ ಇಲ್ಲಿರಬಾರದು ಅನ್ನೋದು. ನನ್ನ ತಕರಾರು ಇರೋದು ಇಲ್ಲೇ. ಬೆಂಗಳೂರಿನ ಬಾಯಲ್ಲಿ ‘ಲೈವ್ ಬ್ಯಾಂಡ್’ ಅಂದರೆ ಗಿಟಾರೂ ಅಲ್ಲ, ಡ್ರಮ್ಮೂ ಅಲ್ಲ; ಬಾರಿನಲ್ಲಿ ಹಾಡುವ, ಕುಣಿಯುವ ಬಡ ಹೆಣ್ಣು. ಅವಳನ್ನು ಹದ್ದುಬಸ್ತಿನಲ್ಲಿಡಲಿಕ್ಕೆ ನಗರದ ಪೊಲೀಸರು 2005ರಲ್ಲಿ ಸಾರ್ವಜನಿಕ ಮನರಂಜನಾ ಸ್ಥಳಗಳ ಪರವಾನಗಿ ಆಜ್ಞೆ ತಂದರು. ಲೈವ್ ಬ್ಯಾಂಡು, ಕ್ಯಾಬರೆ, ಡಿಸ್ಕೊಥೆಕ್ ಎಲ್ಲಕ್ಕೂ ಲೈಸೆನ್ಸು. ಹೋಟೆಲಿನವರು ಕೋರ್ಟಿಗೆ ಹೋದರು. 2018ರ ಜನವರಿ 25ರಂದು ಸುಪ್ರೀಂ ಕೋರ್ಟು ಆಜ್ಞೆಯನ್ನು ಎತ್ತಿಹಿಡಿಯಿತು. ಆ ವರ್ಷವೇ ಪೊಲೀಸರು ಪಬ್ಬುಗಳ ಬಾಗಿಲಿಗೂ ಬಂದರು. ಗಿಟಾರಿನ ಹುಡುಗರ ಹಾಡು ನಿಂತಿತು. ಆಗ ಎದ್ದಿತು ನೋಡಿ ಬೊಬ್ಬೆ: ಕಲೆ ಸತ್ತಿತು, ಬೆಂಗಳೂರು ಸತ್ತಿತು! ಅದಕ್ಕೂ ಹನ್ನೆರಡು ಹದಿಮೂರು ವರ್ಷದ ಹಿಂದೆ ಇದೇ ಆಜ್ಞೆ ಬಾರಿನ ಹೆಣ್ಣಿನ ಅನ್ನಕ್ಕೆ ಕೈ ಹಾಕಿದಾಗ ಈ ಕಲಾಪ್ರೇಮಿಗಳು ಎಲ್ಲಿದ್ದರು? ಗಿಟಾರಿನ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಅವರದೂ ದಿನಗೂಲಿಯೇ.

ಇದು ಹೊಸ ಕಥೆಯಲ್ಲ. 1909ರಲ್ಲಿ ಮೈಸೂರು ಸಂಸ್ಥಾನ ಮುಜರಾಯಿ ಗುಡಿಗಳಿಂದ ದೇವದಾಸಿಯರ ಸೇವೆಯನ್ನು ತೆಗೆದುಹಾಕಿತು. ಆ ಪದ್ಧತಿ ಹೋಗಬೇಕಾದ್ದೇ. ಸೌದತ್ತಿ ಎಲ್ಲಮ್ಮನ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡ ನಮ್ಮ ಅಕ್ಕತಂಗಿಯರ ಬಾಳು ಕಂಡವರು ಯಾರೂ ಅದರ ಪರ ನಿಲ್ಲಲಾರರು. ಆದರೆ ಮುಂದೆ ಆದದ್ದೇನು? ಕುಣಿಯುವವಳು ಹೊರಗೆ ಬಿದ್ದಳು, ಅವಳ ಕುಣಿತ ಮಾತ್ರ ಒಳಗೆ ಉಳಿಯಿತು. ಅದಕ್ಕೇ ಭರತನಾಟ್ಯ ಅಂತ ಹೆಸರಾಯಿತು, ಮೇಲ್ಜಾತಿ ಹುಡುಗಿಯರ ಕಾಲಿಗೆ ಗೆಜ್ಜೆಯಾಯಿತು, ಟಿಕೆಟ್ಟಾಯಿತು, ಪ್ರಶಸ್ತಿಯಾಯಿತು. ಕಾಲು ಬದಲಾದರೆ ಕುಣಿತ ಪವಿತ್ರ! 2009ರ ಜನವರಿ 24ರಂದು ಮಂಗಳೂರಿನ ಪಬ್ಬಿಗೆ ನುಗ್ಗಿ ಹೆಣ್ಣುಮಕ್ಕಳನ್ನು ಅಟ್ಟಾಡಿಸಿ ಹೊಡೆದವರ ಬಾಯಲ್ಲೂ ಸಂಸ್ಕೃತಿಯ ಮಾತೇ ಇತ್ತು.

ಮಹಾರಾಷ್ಟ್ರದಲ್ಲೂ ಇದೇ ಆಟ. 2005ರಲ್ಲಿ ಡಾನ್ಸ್ ಬಾರ್ ನಿಷೇಧಿಸಿದರು. 2006ರಲ್ಲಿ ಬೊಂಬಾಯಿ ಹೈಕೋರ್ಟು ನಿಷೇಧವನ್ನು ರದ್ದು ಮಾಡಿತು, 2013ರಲ್ಲಿ ಸುಪ್ರೀಂ ಕೋರ್ಟು ಹೌದು ಅಂದಿತು. ಅಷ್ಟರಲ್ಲಿ ಎಂಟು ವರ್ಷ. ಎಂಟು ವರ್ಷ ಏನು ತಿಂದಳು ಅವಳು? ಆರ್ಕೆಸ್ಟ್ರಾ ಬಾರಿನ ವೇದಿಕೆ ಮೇಲೆ ನಾಲ್ಕೇ ಹೆಣ್ಣು, ನಾಲ್ಕೇ ಗಂಡು ಇರಬೇಕು ಅಂತ ಅಲ್ಲಿ ಲೈಸೆನ್ಸಿನ ಷರತ್ತೂ ಇತ್ತು. ಎಣಿಸಿ ನಿಲ್ಲಿಸೋದಕ್ಕೆ ಅವರೇನು ದನವೇ? 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಆ ಷರತ್ತನ್ನೂ ಹೊಡೆದುಹಾಕಿತು. ಇದನ್ನು ನಮ್ಮ ಪೊಲೀಸರು ಓದಿಕೊಳ್ಳಬೇಕು.

ಯಾವುದು ಸಂಗೀತ, ಯಾವುದು ಗದ್ದಲ ಅಂತ ತೀರ್ಮಾನ ಮಾಡೋರು ಯಾರು? ತಮಟೆಯನ್ನೇ ನೋಡಿ. ಹೆಣದ ಮುಂದೆ ಬಡಿ, ಜಾತ್ರೆಯಲ್ಲಿ ಬಡಿ, ಆದರೆ ಗುಡಿ ಬಾಗಿಲಾಚೆ ನಿಂತು ಬಡಿ ಅಂತ ನಮ್ಮ ಅಪ್ಪಂದಿರಿಗೆ ಹೇಳಿದ ಊರು ಇದು. ಹಾಗಾಗಿಯೇ ಕೇರಿಯ ಎಷ್ಟೋ ಹುಡುಗರು ಇನ್ನು ಮುಟ್ಟೋದಿಲ್ಲ ಅಂತ ಅದನ್ನು ಬಿಸಾಕಿದರು. ಎಷ್ಟೋ ಜನ ಹೋರಾಟದ ಮೆರವಣಿಗೆಯಲ್ಲಿ ಮತ್ತೆ ಕೈಗೆತ್ತಿಕೊಂಡರು. ತಮಟೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಸಂತೋಷ. ಅದೇ ತಮಟೆ ಅಂಬೇಡ್ಕರ್ ಜಯಂತಿ ದಿನ ಬಡಾವಣೆಯೊಳಗೆ ಬರಲಿ, ಎಷ್ಟು ಮನೆಯಿಂದ ಪೊಲೀಸರಿಗೆ ಫೋನು ಹೋಗುತ್ತೆ ನೋಡಿ.

ಕೊನೆಗೆ ಕೂಲಿಯ ಮಾತು. 1809ರಲ್ಲಿ ಬ್ರಿಟಿಷರ ದಂಡು ಇಲ್ಲಿ ಬೀಡುಬಿಟ್ಟಿತು. ಇವತ್ತಿನ ಎಂ.ಜಿ. ರಸ್ತೆ ಆಗ ಸೌತ್ ಪೆರೇಡ್. ದೊರೆಗಳಿಗೆ ಬ್ಯಾಂಡು, ಕ್ಲಬ್ಬು, ಕುಣಿತ. ಅವರ ಕಕ್ಕಸು ಬಳಿಯೋದಕ್ಕೆ, ಲಾಯ ಗುಡಿಸೋದಕ್ಕೆ ನಮ್ಮವರು. ದೊರೆ ಬದಲಾದ, ಪೊರಕೆ ಹಿಡಿದ ಕೈ ಬದಲಾಗಲಿಲ್ಲ. ಬಾರು ಹೋಟೆಲುಗಳು ರಾತ್ರಿ ಒಂದರವರೆಗೆ ತೆರೆದಿರಬಹುದು ಅಂತ 2024ರಲ್ಲಿ ಸರ್ಕಾರ ಆದೇಶ ಮಾಡಿತು. ಒಂದಕ್ಕೆ ಬಾಗಿಲು ಹಾಕಿದರೆ ತಟ್ಟೆ ತೊಳೆಯೋನಿಗೆ ಎರಡಾಗುತ್ತೆ. ಮೆಟ್ರೊ ನಿಂತಿರುತ್ತೆ, ಬಸ್ಸು ಇರಲ್ಲ. ಅಸ್ಸಾಮಿನಿಂದ, ಮಣಿಪುರದಿಂದ ಬಂದ ಹುಡುಗ ಹೆಂಗೆ ರೂಮಿಗೆ ಹೋಗ್ತಾನೆ? ಹಾಡಿದ ಹುಡುಗಿ ಯಾರ ಗಾಡಿ ಹತ್ತಬೇಕು? ಇನ್ನೂ ಬೆಳಕು ಹರಿಯುವ ಮುಂಚೆ ಪೌರಕಾರ್ಮಿಕ ಹೆಣ್ಣುಮಕ್ಕಳು ಬಂದು ಒಡೆದ ಬಾಟಲಿ, ವಾಂತಿ ಎಲ್ಲ ಬಳಿದು ಹೋಗಿರ್ತಾರೆ. ಸಂಘದವರು ವಾಕಿಂಗ್ ಹೊರಡೋ ಹೊತ್ತಿಗೆ ರಸ್ತೆ ಚೊಕ್ಕಟ.

ಆದ್ದರಿಂದ ಗೆಳೆಯರೇ, ನಾವು ಆ ಕಡೆಯ ಬಾಲವೂ ಆಗಬೇಕಿಲ್ಲ, ಈ ಕಡೆಯ ಬಾಲವೂ ಆಗಬೇಕಿಲ್ಲ. ಸದ್ದಿಗೆ ಮೀಟರು ಇಡಿ, ಹೆಣ್ಣಿನ ಮೈಗೆ ಬೇಡ. ರಾತ್ರಿ ದುಡಿಯುವವರಿಗೆ ಹೆಚ್ಚುವರಿ ಕೂಲಿ, ಮನೆ ಮುಟ್ಟಿಸುವ ಬಸ್ಸು ಕೊಡಿ. ಮುಂದಿನ ಸಲ ಪೊಲೀಸ್ ಕಮಿಷನರು ಮಾಲೀಕರನ್ನೂ ಸಂಘದವರನ್ನೂ ಕರೆದು ಟೀ ಕೊಟ್ಟು ಸಭೆ ಮಾಡುವಾಗ ಹಾಡುವವಳಿಗೊಂದು, ತಟ್ಟೆ ತೊಳೆಯುವವನಿಗೊಂದು, ಗುಡಿಸುವವಳಿಗೊಂದು ಕುರ್ಚಿ ಹಾಕಲಿ. ಹಾಕದಿದ್ದರೆ ನಾವೇ ಅವರನ್ನು ಕರಕೊಂಡು ಕಚೇರಿ ಬಾಗಿಲಿಗೆ ಹೋಗೋಣ, ತಮಟೆ ಸಮೇತ. ಹಗಲು ಹೊತ್ತಿನಲ್ಲೇ.