ನವನೀತದ ಲೆಕ್ಕವೂ ಗಡಿಯ ಮಕ್ಕಳ ಪಾಲೂ

ಮಹಾರಾಷ್ಟ್ರ ರಾಜ್ಯ ಮಂಡಳಿಯ ಶಾಲೆಗೆ ಮಕ್ಕಳನ್ನು ಕಳುಹಿಸಿದ ಯಾವ ಮನೆಯಲ್ಲಿಯೂ ‘ನವನೀತ’ ಎಂಬ ಹೆಸರಿಗೆ ವಿವರಣೆ ಬೇಕಾಗದು. ನಾಸಿಕದ ಸಾತಪುರ ಕೈಗಾರಿಕಾ ವಸಾಹತಿನ ಸುತ್ತ ನೆಲೆನಿಂತ ಕನ್ನಡ ಕುಟುಂಬಗಳಿಗೂ ಅದು ಹಳೆಯ ಪರಿಚಯವೇ. ಬೆಂಗಳೂರಿನ ಮೈಕೋ ಕಂಪನಿಯು 1970ರ ದಶಕದ ಆರಂಭದಲ್ಲಿ ಸಾತಪುರದಲ್ಲಿ ಕಾರ್ಖಾನೆಯನ್ನು ತೆರೆದಂದಿನಿಂದ ಆ ಊರಿಗೂ ಕರ್ನಾಟಕಕ್ಕೂ ನಂಟು ಬೆಳೆದಿದೆ. ಅಲ್ಲಿನ ಮನೆಗಳಲ್ಲಿ ಜೂನ್ ತಿಂಗಳೆಂದರೆ ಎರಡು ಖರೀದಿ: ಒಂದು, ಸರ್ಕಾರದ ಬಾಲಭಾರತಿಯ ಪಠ್ಯಪುಸ್ತಕ, ಮತ್ತೊಂದು, ಅದೇ ಪಠ್ಯಕ್ಕೆ ಉತ್ತರಗಳನ್ನು ಬರೆದುಕೊಟ್ಟ ನವನೀತ ಡೈಜೆಸ್ಟ್. ಮೊದಲನೆಯದಕ್ಕಿಂತ ಎರಡನೆಯದೇ ಹೆಚ್ಚು ಸವೆಯುತ್ತದೆ ಎಂಬುದು ತಾಯ್ತಂದೆಯರೆಲ್ಲರಿಗೂ ತಿಳಿದ ಸಂಗತಿ.

ಈ ಸಂಸ್ಥೆಯನ್ನು 1959ರಲ್ಲಿ ಮುಂಬಯಿಯಲ್ಲಿ ಕಟ್ಟಿದವರು ಕಚ್ಛ ಮೂಲದ ಜೈನ ವ್ಯಾಪಾರಿ ಮನೆತನವಾದ ಗಾಲಾ ಕುಟುಂಬದವರು. ಹೆಸರಿನ ಅರ್ಥ ಬೆಣ್ಣೆ. ಪಠ್ಯವೆಂಬ ಮೊಸರನ್ನು ಕಡೆದು ತೆಗೆದ ಸಾರ ಎಂಬ ಭಾವ ಅದರಲ್ಲಿದೆ. ಶ್ರಾವಕಾಚಾರದ ಗ್ರಂಥಗಳು ತ್ಯಜಿಸಬೇಕಾದ ವಸ್ತುಗಳ ಪಟ್ಟಿಯಲ್ಲಿ ನವನೀತವನ್ನೂ ಸೇರಿಸಿರುವುದು ಆಗ ಯಾರ ಗಮನಕ್ಕೂ ಬರಲಿಲ್ಲವೋ ಏನೋ! ಹೆಸರಂತೂ ನಿಂತಿತು, ವ್ಯಾಪಾರವೂ ನಿಂತಿತು.

ಅದು ಬೆಳೆದ ಬಗೆಯನ್ನು ಅರಿಯಬೇಕಾದರೆ ಸರ್ಕಾರದ ನೀತಿಯನ್ನು ಮೊದಲು ನೋಡಬೇಕು. 1964ರಿಂದ 66ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗವು ಶಾಲಾ ಪಠ್ಯಪುಸ್ತಕಗಳ ರಚನೆಯಲ್ಲಿ ರಾಜ್ಯಗಳೇ ಹೊಣೆ ಹೊರಬೇಕೆಂಬ ನಿಲುವನ್ನು ತಳೆಯಿತು. 1967ರ ಜನವರಿ 27ರಂದು ಪುಣೆಯಲ್ಲಿ ಮಹಾರಾಷ್ಟ್ರ ರಾಜ್ಯ ಪಠ್ಯಪುಸ್ತಕ ನಿರ್ಮಿತಿ ಮಂಡಳಿ, ಅಂದರೆ ಬಾಲಭಾರತಿ, ಸ್ಥಾಪನೆಯಾಯಿತು. ಪಠ್ಯಪುಸ್ತಕ ಖಾಸಗಿ ಪ್ರಕಾಶಕರ ಕೈಯಿಂದ ಜಾರಿತು. ಮೇಲ್ನೋಟಕ್ಕೆ ಇದು ಪ್ರಕಾಶಕರಿಗೆ ಪೆಟ್ಟು. ಆದರೆ ಇಡೀ ರಾಜ್ಯಕ್ಕೆ ಒಂದೇ ಪಠ್ಯ, ಒಂದೇ ಪರೀಕ್ಷೆ ಎಂದಾದ ಕೂಡಲೇ ಆ ಒಂದು ಪಠ್ಯಕ್ಕೆ ಬರೆದ ಒಂದು ಕೈಪಿಡಿಯನ್ನು ರಾಜ್ಯದ ಮೂಲೆಮೂಲೆಗೂ ಮಾರುವುದು ಸಾಧ್ಯವಾಯಿತು. ಮಾರ್ಗದರ್ಶಿ ಪುಸ್ತಕಗಳ ದೊಡ್ಡ ಮಾರುಕಟ್ಟೆಯನ್ನು ಹೀಗೆ ಪರೋಕ್ಷವಾಗಿ ಹುಟ್ಟಿಸಿದ್ದು ಸರ್ಕಾರವೇ. ನವನೀತದ ಡೈಜೆಸ್ಟ್, ‘ವಿಕಾಸ’ ಅಭ್ಯಾಸಪುಸ್ತಕಗಳು, ‘21 ಸಂಭಾವ್ಯ ಪ್ರಶ್ನೆಪತ್ರಿಕೆಗಳು’ ಇವೆಲ್ಲ ಆ ನೆಲದಲ್ಲಿ ಬೆಳೆದ ಬೆಳೆಗಳು. ಪ್ರತಿವರ್ಷ 15ರಿಂದ 16 ಲಕ್ಷ ಮಕ್ಕಳು ಹತ್ತನೆಯ ತರಗತಿಯ ಪರೀಕ್ಷೆಗೆ ಕೂರುವ ರಾಜ್ಯದಲ್ಲಿ ಇದಕ್ಕಿಂತ ಭದ್ರವಾದ ಬೇಡಿಕೆ ಯಾವ ವ್ಯಾಪಾರಿಗೆ ದೊರಕೀತು?

ಕೈಪಿಡಿ ಓದುವ ಮಕ್ಕಳನ್ನೂ ಅದನ್ನು ಮುದ್ರಿಸುವವರನ್ನೂ ಹೀಗಳೆಯುವುದು ಸುಲಭ. ಶಿಕ್ಷಣತಜ್ಞರು ದಶಕಗಳಿಂದ ಅದನ್ನೇ ಮಾಡುತ್ತ ಬಂದಿದ್ದಾರೆ. ಆದರೆ ಬಾಯಿಪಾಠದ ಉತ್ತರಕ್ಕೆ ಪೂರ್ಣ ಅಂಕ ಕೊಡುವ ಪರೀಕ್ಷೆ ಇರುವವರೆಗೆ ಉತ್ತರದ ಪುಸ್ತಕವೂ ಇದ್ದೇ ಇರುತ್ತದೆ. ಟ್ಯೂಷನ್ನಿಗೆ ಸಾವಿರಾರು ರೂಪಾಯಿ ತೆರಲಾಗದ ಮನೆಯ ಮಗುವಿಗೆ ಆ ಕೈಪಿಡಿಯೇ ಎರಡನೆಯ ಗುರು. ನಗರದ ಸುಶಿಕ್ಷಿತರು ಅದನ್ನು ಬೆತ್ತವೆಂದು ನೋಡುತ್ತಾರೆ. ಹಳ್ಳಿಯ ವಿದ್ಯಾರ್ಥಿಗೆ ಅದು ಊರುಗೋಲು.

ಕಾನೂನೂ ಅದನ್ನು ತಳ್ಳಿಹಾಕಿಲ್ಲ. ಗಣಿತದ ಪಠ್ಯಪುಸ್ತಕವೊಂದರ ಪ್ರಶ್ನೆಗಳಿಗೆ ಹಂತಹಂತವಾಗಿ ಉತ್ತರಗಳನ್ನು ಬಿಡಿಸಿ ತೋರಿಸಿದ ಕೈಪಿಡಿಯ ವಿರುದ್ಧ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಪ್ರಕಾಶನದವರು ಹೂಡಿದ ದಾವೆಯಲ್ಲಿ ದೆಹಲಿ ಉಚ್ಚ ನ್ಯಾಯಾಲಯವು 2008ರಲ್ಲಿ ಕೈಪಿಡಿಯ ಪರವಾಗಿ ನಿಂತಿತು. ಮೂಲದಲ್ಲಿಲ್ಲದ ಹೊಸ ಉಪಯೋಗವನ್ನು ಸೇರಿಸಿದ ಕೃತಿ ಬರಿಯ ನಕಲಲ್ಲ ಎಂಬುದು ಅದರ ತಿರುಳು.

ಇನ್ನು ಲೆಕ್ಕದ ಪುಟಗಳಿಗೆ ಬರಬಹುದು. ಈ ವ್ಯಾಪಾರದ ಸ್ವಭಾವ ಅಲ್ಲಿಯೇ ಸ್ಪಷ್ಟವಾಗಿ ಕಾಣುವುದು. ವರ್ಷದ ಗಳಿಕೆಯ ದೊಡ್ಡ ಪಾಲು ಏಪ್ರಿಲ್‌ನಿಂದ ಜೂನ್‌ವರೆಗಿನ ಮೂರು ತಿಂಗಳಲ್ಲಿಯೇ ಬರುತ್ತದೆ. ಕಾಗದವನ್ನು ಕೊಳ್ಳುವುದು, ಮುದ್ರಿಸುವುದು, ದಾಸ್ತಾನು ಮಾಡುವುದು ಚಳಿಗಾಲದಲ್ಲಿ. ಹಣ ಕೈಸೇರುವುದು ಮಳೆಗಾಲದ ಹೊತ್ತಿಗೆ. ಪಠ್ಯಕ್ರಮ ಬದಲಾಗದ ವರ್ಷ ಅಣ್ಣನ ಹಳೆಯ ಡೈಜೆಸ್ಟ್ ತಂಗಿಗೆ ಸಾಗುತ್ತದೆ, ರದ್ದಿ ಅಂಗಡಿಯಲ್ಲಿ ಅರ್ಧ ಬೆಲೆಗೆ ದೊರೆಯುತ್ತದೆ, ಪ್ರಕಾಶಕನ ಮಾರಾಟ ಕುಗ್ಗುತ್ತದೆ. ಪಠ್ಯಕ್ರಮ ಬದಲಾದ ವರ್ಷ ಹಳೆಯದೆಲ್ಲ ಕಸ, ಹೊಸದಕ್ಕೆ ಸುಗ್ಗಿ. ಮಂತ್ರಿಯೊಬ್ಬರ ಒಂದು ಸಹಿ ಕಂಪನಿಯೊಂದರ ಲಾಭನಷ್ಟವನ್ನು ಈ ಪ್ರಮಾಣದಲ್ಲಿ ಅಲುಗಿಸುವ ಉದ್ಯಮಗಳು ಹೆಚ್ಚಿಲ್ಲ.

ಕೋವಿಡ್ ಬಂದಾಗ ಇದು ಇನ್ನೂ ಬಿಚ್ಚಿಕೊಂಡಿತು. 2019–20ರಲ್ಲಿ ಸುಮಾರು 1,500 ಕೋಟಿ ರೂಪಾಯಿಯಷ್ಟಿದ್ದ ನವನೀತದ ವಹಿವಾಟು ಮರುವರ್ಷ 850 ಕೋಟಿಯೊಳಕ್ಕೆ ಇಳಿಯಿತು. ಶಾಲೆ ಮುಚ್ಚಿತ್ತು, ಪರೀಕ್ಷೆ ನಡೆಯಲಿಲ್ಲ, ಪುಸ್ತಕದ ಅಂಗಡಿಗೆ ಬೀಗ ಬಿದ್ದಿತ್ತು. ಆದರೂ ಸಂಸ್ಥೆ ಕುಸಿಯಲಿಲ್ಲ; ಎರಡು ಮೂರು ವರ್ಷಗಳಲ್ಲಿ ಹಳೆಯ ಮಟ್ಟವನ್ನು ದಾಟಿತು. ಅದಕ್ಕೆ ನೋಟ್‌ಪುಸ್ತಕವೂ ಒಂದು ಕಾರಣ. ‘ಯುವಾ’ ಎಂಬ ಹೆಸರಿನಲ್ಲಿ ದೇಶದೊಳಗೆ ಮಾರುವ ಲೇಖನಸಾಮಗ್ರಿಯ ಜೊತೆಗೆ ಅಮೆರಿಕಕ್ಕೆ ರಫ್ತಾಗುವ ನೋಟ್‌ಪುಸ್ತಕಗಳೂ ಇಂದು ಅದರ ಆದಾಯದ ದೊಡ್ಡ ಆಧಾರ. 2013ರಲ್ಲಿ ‘ನವನೀತ ಪಬ್ಲಿಕೇಷನ್ಸ್’ ಎಂಬುದನ್ನು ‘ನವನೀತ ಎಜುಕೇಷನ್’ ಎಂದು ಬದಲಿಸಿಕೊಂಡದ್ದು, 2016ರ ಕೊನೆಯಲ್ಲಿ ಬ್ರಿಟಾನಿಕಾ ವಿಶ್ವಕೋಶದ ಭಾರತೀಯ ಶಾಲಾಪುಸ್ತಕ ವಿಭಾಗವನ್ನು ಕೊಂಡು ಅದಕ್ಕೆ ‘ಇಂಡಿಯಾನಿಕಾ’ ಎಂಬ ಹೆಸರಿಟ್ಟದ್ದು, ಆರ್ಕಿಡ್ಸ್ ಶಾಲೆಗಳನ್ನು ನಡೆಸುವ ಕೆ12 ಟೆಕ್ನೋ ಸಂಸ್ಥೆಯಲ್ಲಿ ಬಂಡವಾಳ ಹೂಡಿದ್ದು ಇವೆಲ್ಲವೂ ರಾಜ್ಯ ಮಂಡಳಿಯೊಂದರ ಮೇಲಿನ ಅವಲಂಬನೆಯನ್ನು ತಗ್ಗಿಸಿಕೊಳ್ಳುವ ಯತ್ನಗಳು. ಎಲ್ಲವೂ ಸಮನಾಗಿ ಫಲಿಸಲಿಲ್ಲ ಎಂಬುದು ಬೇರೆ ಮಾತು.

ಆ ಅವಲಂಬನೆಯ ಅಪಾಯ ಈಗ ಹತ್ತಿರ ಬಂದಿದೆ. ನಾಸಿಕ ಜಿಲ್ಲೆಯ ಮಾಲೇಗಾಂವ್‌ನವರೇ ಆದ ಶಿಕ್ಷಣ ಸಚಿವ ದಾದಾ ಭುಸೆಯವರ ಅವಧಿಯಲ್ಲಿ ರಾಜ್ಯವು ಸಿಬಿಎಸ್‌ಇ ಮಾದರಿಯನ್ನು ಹಂತಹಂತವಾಗಿ ಅಳವಡಿಸಿಕೊಳ್ಳಲು ಹೊರಟಿದೆ. 2025–26ರಲ್ಲಿ ಒಂದನೆಯ ತರಗತಿಯಿಂದ ಆರಂಭವಾಗಿದೆ. ಅದೇ ವರ್ಷ ಹಿಂದಿಯನ್ನು ಮೂರನೆಯ ಭಾಷೆಯನ್ನಾಗಿ ಮಾಡಿ ಏಪ್ರಿಲ್‌ನಲ್ಲಿ ಹೊರಡಿಸಿದ ಆದೇಶವನ್ನು ಜೂನ್ ಕೊನೆಯಲ್ಲಿ ಹಿಂತೆಗೆದುಕೊಳ್ಳಬೇಕಾಯಿತು. ಚೀಲದ ಭಾರ ತಗ್ಗಿಸಲೆಂದು 2023ರಲ್ಲಿ ಬಾಲಭಾರತಿಯ ಪುಸ್ತಕಗಳಲ್ಲಿಯೇ ಖಾಲಿ ಪುಟಗಳನ್ನು ಸೇರಿಸಿದರು. ಮಕ್ಕಳು ನೋಟ್‌ಪುಸ್ತಕವನ್ನೂ ತರುತ್ತಲೇ ಇದ್ದರು. 2025ರ ಜನವರಿಯಲ್ಲಿ ಆ ಪ್ರಯೋಗವೂ ರದ್ದಾಯಿತು. ಪ್ರತಿಯೊಂದು ಪ್ರಯೋಗದ ಖರ್ಚನ್ನು ಕೊನೆಗೆ ಹೊರುವವರು ಪಾಲಕರು.

ತೆರಿಗೆಯ ವಿಚಾರದಲ್ಲಿಯೂ ಇಂಥದೇ ವೈಚಿತ್ರ್ಯವಿದೆ. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ ಎಂದು ಸರ್ಕಾರ ಹೆಮ್ಮೆಯಿಂದ ಹೇಳುತ್ತದೆ. ಆದರೆ ಪುಸ್ತಕಕ್ಕೆ ತೆರಿಗೆ ಇಲ್ಲದಿರುವುದರಿಂದಲೇ ಕಾಗದದ ಮೇಲೆ ಕಟ್ಟಿದ ತೆರಿಗೆಯನ್ನು ಪ್ರಕಾಶಕನು ಮರಳಿ ಪಡೆಯಲಾರ. ಅದು ಬೆಲೆಯೊಳಗೆ ಅಡಗಿ ಕೂರುತ್ತದೆ. 2025ರ ಸೆಪ್ಟೆಂಬರ್ 22ರಿಂದ ನೋಟ್‌ಪುಸ್ತಕದ ಮೇಲಿನ ಶೇ 12ರ ತೆರಿಗೆಯನ್ನೂ ಅದಕ್ಕೆ ಬಳಸುವ ಕಾಗದದ ತೆರಿಗೆಯನ್ನೂ ಸೊನ್ನೆಗಿಳಿಸಿದರು. ಪುಸ್ತಕ ಮುದ್ರಿಸುವ ಕಾಗದದ ಮೇಲಿನದನ್ನು ಮಾತ್ರ ಶೇ 12ರಿಂದ 18ಕ್ಕೆ ಏರಿಸಿದರು. ಬರೆಯುವ ಪುಟಕ್ಕೆ ಪೂರ್ಣ ವಿನಾಯಿತಿ, ಓದುವ ಪುಟಕ್ಕೆ ಹೆಚ್ಚಿನ ಹೊರೆ! ದೊಡ್ಡ ಕಂಪನಿ ಇದನ್ನು ಹೇಗೋ ತೂಗಿಸಿಕೊಳ್ಳುತ್ತದೆ. ಸಾವಿರ ಪ್ರತಿ ಅಚ್ಚು ಹಾಕಿಸುವ ಚಿಕ್ಕ ಪ್ರಕಾಶಕ ಏನು ಮಾಡಬೇಕು?

ಈ ಸಾವಿರ ಪ್ರತಿಯ ಪ್ರಶ್ನೆಯೇ ಪರದೇಶಗಳಲ್ಲಿಯೂ ಪರರಾಜ್ಯಗಳಲ್ಲಿಯೂ ಇರುವ ಕನ್ನಡ ಜೈನ ಕುಟುಂಬಗಳ ಗಮನಕ್ಕೆ ಬರಬೇಕಾದದ್ದು. ಬಾಲಭಾರತಿಯು ಮರಾಠಿ, ಹಿಂದಿ, ಇಂಗ್ಲಿಷ್, ಉರ್ದು, ಗುಜರಾತಿಗಳ ಜೊತೆಗೆ ಕನ್ನಡದಲ್ಲಿಯೂ ಪಠ್ಯಪುಸ್ತಕಗಳನ್ನು ಮುದ್ರಿಸುತ್ತದೆ. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತ ತಾಲೂಕುಗಳ ಕನ್ನಡ ಶಾಲೆಗಳಲ್ಲಿ ಅವೇ ನಡೆಯುತ್ತವೆ. ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಮಾತೃಭಾಷೆಯ ಪ್ರಾಥಮಿಕ ಶಿಕ್ಷಣಕ್ಕೆ ಸೌಕರ್ಯ ಕಲ್ಪಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುವುದನ್ನು ಮಹಾರಾಷ್ಟ್ರ ಈ ಮಟ್ಟಿಗೆ ಪಾಲಿಸಿದೆ. ನಿಪ್ಪಾಣಿ ಬೆಳಗಾವಿಗಳ ಮರಾಠಿ ಶಾಲೆಗಳ ವಿಷಯದಲ್ಲಿ ಕರ್ನಾಟಕಕ್ಕೂ ಅದೇ ಹೊಣೆಯಿದೆ. ಗಡಿಯ ಎರಡೂ ಬದಿಗೆ ಬಂಧುಬಳಗವಿರುವ ಸಮಾಜ ಒಂದು ಬದಿಯ ಮಕ್ಕಳಿಗಾಗಿ ಮಾತ್ರ ಕಣ್ಣೀರಿಡುವುದು ಶೋಭಿಸದು.

ಆದರೆ ಪಠ್ಯಪುಸ್ತಕದಾಚೆ ಜತ್ತದ ಕನ್ನಡ ವಿದ್ಯಾರ್ಥಿನಿಗೆ ಏನಿದೆ? ಮರಾಠಿ ಮಾಧ್ಯಮದ ಮಗುವಿಗೆ ಡೈಜೆಸ್ಟ್, ಪ್ರಶ್ನೆಪತ್ರಿಕೆ, ಅಭ್ಯಾಸಪುಸ್ತಕಗಳ ಅಟ್ಟಿಯೇ ಇದೆ. ಕನ್ನಡದ ಮಗುವಿಗೆ ಅಂಥ ಸಮೃದ್ಧಿ ಏಕಿಲ್ಲವೆಂಬುದಕ್ಕೆ ದ್ವೇಷವನ್ನು ಹುಡುಕಬೇಕಾಗಿಲ್ಲ, ಗಣಿತ ಸಾಕು. ವಿಜ್ಞಾನದ ಒಂದು ಕೈಪಿಡಿಯನ್ನು ಬರೆಸಿ, ಪರಿಶೀಲಿಸಿ, ಅಚ್ಚಿಗೆ ಅಣಿಗೊಳಿಸಲು 5 ಲಕ್ಷ ರೂಪಾಯಿ, ಪ್ರತಿಯೊಂದಕ್ಕೆ ಕಾಗದ ಮುದ್ರಣಗಳಿಗೆ 60 ರೂಪಾಯಿ ತಗಲುತ್ತದೆ ಎಂದು ಊಹಿಸಿದರೆ, 50,000 ಪ್ರತಿ ಮಾರುವವನಿಗೆ ಒಂದು ಪ್ರತಿ 70 ರೂಪಾಯಿಗೆ ಬೀಳುತ್ತದೆ. 1,000 ಪ್ರತಿ ಮಾರುವವನಿಗೆ ಅದೇ ಪುಸ್ತಕ 560 ರೂಪಾಯಿ. ಈ ಬೆಲೆಗೆ ಯಾವ ರೈತನೂ ಕೊಳ್ಳಲಾರ. ಕೊಳ್ಳಲಾಗದ್ದನ್ನು ಯಾವ ಪ್ರಕಾಶಕನೂ ಮುದ್ರಿಸಲಾರ. ಷೇರುಪೇಟೆಯಲ್ಲಿರುವ ಕಂಪನಿಯಿಂದ ಇದನ್ನು ನಿರೀಕ್ಷಿಸುವುದು ಅನ್ಯಾಯ. ಸಾಮಾಜಿಕ ಹೊಣೆಗಾರಿಕೆಯ ನಿಧಿಯಿಂದ ಮಾಡಿಸೋಣವೆಂದರೂ, ಕಂಪನಿಯ ನಿತ್ಯದ ವ್ಯಾಪಾರಕ್ಕೆ ಸೇರಿದ ಕೆಲಸವನ್ನು ಆ ಖಾತೆಗೆ ಬರೆಯಲು ನಿಯಮ ಒಪ್ಪುವುದಿಲ್ಲ. ಪುಸ್ತಕದ ಕಂಪನಿ ಆ ಹಣದಲ್ಲಿ ಆಸ್ಪತ್ರೆಗೆ ನೆರವಾಗಬಹುದು; ತಾನೇ ಮಾರುವಂಥ ಪುಸ್ತಕಕ್ಕೆ ಆ ಹಣ ಹಾಕುವುದು ಕಷ್ಟ.

ವ್ಯಾಪಾರ ತಲುಪಲಾರದ ಕಡೆಗೆ ಸಮಾಜ ತಲುಪಬೇಕು. ಇದು ಹೊಸ ಮಾತಲ್ಲ. ಹತ್ತನೆಯ ಶತಮಾನದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ್ದು ಲಾಭದ ಲೆಕ್ಕದಿಂದಲ್ಲ. ಇತ್ತೀಚಿನ ಉದಾಹರಣೆ ಬೇಕಾದರೆ ಕರ್ಮವೀರ ಭಾವೂರಾವ್ ಪಾಟೀಲರಿದ್ದಾರೆ. ಕುಂಭೋಜದ ಜೈನ ಮನೆತನದಲ್ಲಿ ಹುಟ್ಟಿ, 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಆರಂಭಿಸಿ, ದುಡಿಯುತ್ತ ಓದುವ ಪದ್ಧತಿಯಿಂದ ಬಡವರ ಮಕ್ಕಳನ್ನು ಜಾತಿಯ ಎಲ್ಲೆ ಮೀರಿ ಒಂದೇ ವಸತಿಗೃಹದಲ್ಲಿ ಸಾಕಿದವರು ಅವರು. 1959ರ ಮೇ 9ರಂದು ಅವರು ತೀರಿಕೊಂಡರು. ನವನೀತ ಹುಟ್ಟಿದ್ದೂ ಅದೇ ವರ್ಷ. ಒಂದೇ ಸಮಾಜದಿಂದ ಬಂದ ಈ ಎರಡು ಕೆಲಸಗಳಲ್ಲಿ ಒಂದು ಸಂಪತ್ತನ್ನು ಬೆಳೆಸಿತು, ಮತ್ತೊಂದು ಮಕ್ಕಳನ್ನು. ಎರಡೂ ಬೇಕಾದವುಗಳೇ, ಸಮಾಜದ ಸಭೆಗಳಲ್ಲಿ ಸನ್ಮಾನದ ಶಾಲು ಮಾತ್ರ ಹೆಚ್ಚಾಗಿ ಮೊದಲನೆಯದರ ಹೆಗಲಿಗೇ ಬೀಳುತ್ತದೆ.

2011ರ ಜನಗಣತಿಯಂತೆ ಮಹಾರಾಷ್ಟ್ರದಲ್ಲಿ ಸುಮಾರು 14 ಲಕ್ಷ ಜೈನರಿದ್ದಾರೆ; ದೇಶದಲ್ಲಿಯೇ ಅದು ಅತಿ ದೊಡ್ಡ ಸಂಖ್ಯೆ. ಕರ್ನಾಟಕದಲ್ಲಿ 4.4 ಲಕ್ಷ. ಸಾಕ್ಷರತೆಯಲ್ಲಿ ಸಮಾಜ ಎಲ್ಲ ಧರ್ಮೀಯರಿಗಿಂತ ಮುಂದಿದೆ ಎಂಬುದನ್ನು ಪ್ರತಿ ಸಮ್ಮೇಳನದ ವೇದಿಕೆಯಲ್ಲಿಯೂ ಹೇಳಲಾಗುತ್ತದೆ. ಪಂಚಕಲ್ಯಾಣದಲ್ಲಿ ಒಂದು ಕಲಶದ ಸವಾಲು ಲಕ್ಷಗಳನ್ನು ದಾಟುತ್ತದೆ. ಮೇಲೆ ಊಹಿಸಿದ 5 ಲಕ್ಷದ ಸ್ಥಿರ ವೆಚ್ಚವನ್ನು ಒಂದು ಟ್ರಸ್ಟು ಶಾಸ್ತ್ರದಾನದ ಲೆಕ್ಕದಲ್ಲಿ ಹೊತ್ತುಬಿಟ್ಟರೆ ಜತ್ತದ ಮಗುವಿನ ಕೈಗೆ ಪುಸ್ತಕ 60 ರೂಪಾಯಿಗೆ ಬರುತ್ತದೆ, ಅಂದರೆ ಮುಂಬಯಿಯ ಮರಾಠಿ ಮಗುವಿಗಿಂತ ಅಗ್ಗವಾಗಿ. ಓದುವ ಮಗು ಜೈನನೋ ಅಲ್ಲವೋ ಎಂದು ಕೇಳಬೇಕಾದ ಅಗತ್ಯವಿಲ್ಲ. ಅಂಥ ಶಾಲೆಗಳಲ್ಲಿ ಹೆಚ್ಚಿನವರು ಜೈನರಾಗಿರುವುದೂ ಇಲ್ಲ. ಭಾವೂರಾವ್ ಅವರೂ ಅದನ್ನು ಕೇಳಲಿಲ್ಲ.

ಕೆಲಸವೂ ಅಸಾಧ್ಯವಾದುದಲ್ಲ. ಬಾಲಭಾರತಿಯ ಕನ್ನಡ ಪುಸ್ತಕಗಳು ಅಂತರಜಾಲದಲ್ಲಿ ಉಚಿತವಾಗಿ ದೊರೆಯುತ್ತವೆ. ಪಾಠವನ್ನು ಹಾಗೆಯೇ ಎತ್ತಿಕೊಳ್ಳಬೇಕಾದರೆ ಅನುಮತಿ ಬೇಕು; ಹೊಸದಾಗಿ ಬರೆದ ಉತ್ತರ, ವಿವರಣೆ, ಮಾದರಿ ಪ್ರಶ್ನೆಗಳಿಗೆ ದಾರಿ ತೆರೆದಿದೆ. ಸಾತಪುರ, ಪುಣೆ, ಮುಂಬಯಿಗಳಲ್ಲಿ ನಿವೃತ್ತರಾದ ಎಂಜಿನಿಯರರೂ ಶಿಕ್ಷಕರೂ ಇದ್ದಾರೆ. ಕನ್ನಡವನ್ನೂ ಗಣಿತವನ್ನೂ ಬಲ್ಲ ಅವರ ಸಂಜೆಗಳು ಬಹುಮಟ್ಟಿಗೆ ಮೊಬೈಲಿನಲ್ಲಿ ಬರುವ ಶುಭಾಶಯಗಳಲ್ಲಿ ಕಳೆಯುತ್ತಿವೆ. ಹೊರದೇಶದಲ್ಲಿರುವವರು ಹಣ ಕಳುಹಿಸುವುದಕ್ಕೆ ವಿದೇಶಿ ದೇಣಿಗೆಯ ಕಾನೂನಿನ ತೊಡಕಿರುವುದು ನಿಜ. ಭಾರತೀಯ ಪಾಸ್‌ಪೋರ್ಟ್ ಉಳಿಸಿಕೊಂಡವರ ಸ್ವಂತ ಉಳಿತಾಯದ ದೇಣಿಗೆಗೆ ಆ ತೊಡಕಿಲ್ಲ.

ನೋಂದಾಯಿತ ಟ್ರಸ್ಟು ವರ್ಷದ ಆದಾಯದ ಶೇ 85ರಷ್ಟನ್ನು ಉದ್ದೇಶಕ್ಕೆ ವಿನಿಯೋಗಿಸಬೇಕೆಂದು ಆದಾಯ ತೆರಿಗೆಯ ಕಾನೂನು ಹೇಳುತ್ತದೆ. ಅದನ್ನು ತುಂಬಿಸಲು ಫೆಬ್ರವರಿ ಮಾರ್ಚಿಯಲ್ಲಿ ಅವಸರದಿಂದ ಅಮೃತಶಿಲೆ ಹಾಸಿಸುವ ಆಡಳಿತ ಮಂಡಳಿಗಳು ಇಲ್ಲದಿಲ್ಲ. ಮಾರ್ಚ್ 31ಕ್ಕೆ ಟ್ರಸ್ಟಿನ ಲೆಕ್ಕ ಮುಗಿಯುತ್ತದೆ. ಜೂನ್ ನಡುವಿನಲ್ಲಿ ಜತ್ತದ ಶಾಲೆಗಳು ತೆರೆಯುತ್ತವೆ. ನಡುವೆ ಇರುವುದು ಹನ್ನೊಂದು ವಾರ. ಒಂದು ಪುಸ್ತಕವನ್ನು ಅಚ್ಚು ಹಾಕಿಸಲು ಅಷ್ಟು ಸಾಲುತ್ತದೆ, ಬರೆಯಿಸಲು ಸಾಲದು. ಬರೆಯಿಸುವ ನಿರ್ಣಯವನ್ನು ದೀಪಾವಳಿಯ ಸಭೆಯಲ್ಲಿಯೇ ಮಾಡಬೇಕಾಗುತ್ತದೆ.